ಕ್ಯಾಮೆರಾ ಮೆನು: ಯಾವುದು, ಯಾವಾಗ?

ಹೊಸ ಕ್ಯಾಮೆರಾ ಕೊಂಡವರನ್ನು ಮೊದಲು ಕಂಗೆಡಿಸುವುದು ಅದರ ಬೆನ್ನಿನ ಪರದೆಯಲ್ಲಿ ಬಿಚ್ಚಿಕೊಳ್ಳುವ ಸೆಟ್ಟಿಂಗ್‌ಗಳ ಉದ್ದನೆಯ ಪಟ್ಟಿ. ಅದನ್ನು ಬಾಯಿಪಾಠ ಮಾಡಬೇಕಿಲ್ಲ. ಯಾವ ಸೆಟ್ಟಿಂಗ್ ಯಾವ ಹೊತ್ತಿಗೆ ಬೇಕು ಎಂದು ಬೇರ್ಪಡಿಸಿಕೊಂಡರೆ ಪಟ್ಟಿ ತಾನಾಗಿ ಗಿಡ್ಡವಾಗುತ್ತದೆ.

1976ರಲ್ಲಿ ಬಂದು 1997ರವರೆಗೆ ತಯಾರಾದ ಪೆಂಟ್ಯಾಕ್ಸ್ ಕೆ1000 ಕ್ಯಾಮೆರಾಕ್ಕೆ ಆನ್–ಆಫ್ ಗುಂಡಿಯೂ ಇರಲಿಲ್ಲ. ಮೇಲೆ ಶಟರ್ ಸ್ಪೀಡಿನ ಡಯಲ್, ಅದರಲ್ಲೇ ಫಿಲ್ಮಿನ ಎಎಸ್‌ಎ ಸಂಖ್ಯೆ ಕಾಣುವ ಪುಟ್ಟ ಕಿಂಡಿ. ಲೆನ್ಸಿನ ಮೇಲೆ ಅಪರ್ಚರಿಗೆ ಒಂದು ಬಳೆ, ಫೋಕಸಿಗೆ ಇನ್ನೊಂದು. ತಿರುಗಿಸುವುದಕ್ಕೆ ಇದ್ದದ್ದು ಇಷ್ಟೇ. ಬ್ಯಾಟರಿ ಬೇಕಾಗಿದ್ದದ್ದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಅದು ಸತ್ತರೂ ಕ್ಯಾಮೆರಾ ಕೆಲಸ ಮಾಡುತ್ತಿತ್ತು. ಎಷ್ಟೋ ಫೋಟೊಗ್ರಫಿ ತರಗತಿಗಳಲ್ಲಿ ವಿದ್ಯಾರ್ಥಿಗಳ ಕೈಗೆ ಮೊದಲು ಸಿಗುತ್ತಿದ್ದದ್ದು ಈ ಕ್ಯಾಮೆರಾವೇ.

ಇವತ್ತು ಹೆಚ್ಚುಕಡಿಮೆ ಅದೇ ಗಾತ್ರದ ಡಿಜಿಟಲ್ ಕ್ಯಾಮೆರಾ ಕೊಂಡು, ಮೆನು ಗುಂಡಿ ಒತ್ತಿದರೆ ಪುಟದ ಮೇಲೆ ಪುಟ. ಒಂದೊಂದು ಪುಟಕ್ಕೂ ಏಳೆಂಟು ಸಾಲು, ಕೆಲವು ಸಾಲಿನೊಳಗೆ ಮತ್ತೊಂದು ಪಟ್ಟಿ. ಪೆಟ್ಟಿಗೆಯಲ್ಲಿ ಸಿಗುವ ತೆಳು ಪುಸ್ತಕದಲ್ಲಿ ಬ್ಯಾಟರಿ ಹಾಕುವುದು ಹೇಗೆಂಬುದಷ್ಟೇ ಇರುತ್ತದೆ. ಪೂರ್ಣ ಕೈಪಿಡಿ ಬೇಕೆಂದರೆ ನೂರಾರು ಪುಟದ ಪಿಡಿಎಫ್ ಇಳಿಸಿಕೊಳ್ಳಬೇಕು. ಅದನ್ನು ತೆರೆದವರು ಹತ್ತನೇ ಪುಟಕ್ಕೆ ಮುಚ್ಚಿ, ಮೋಡ್ ಡಯಲನ್ನು ಹಸಿರು 'ಆಟೊ' ಗುರುತಿಗೆ ತಿರುಗಿಸಿ ಮದುವೆಮನೆಗೆ ಹೊರಡುತ್ತಾರೆ. ಅಲ್ಲಿ ಚಿಕ್ಕಪ್ಪ ಕಾಯುತ್ತಿರುತ್ತಾರೆ: "ಅಷ್ಟು ದುಡ್ಡು ಸುರಿದು ತಂದೆಯಲ್ಲೋ, ನನ್ನ ಮೊಬೈಲಲ್ಲೇ ಇದಕ್ಕಿಂತ ಚೆನ್ನಾಗಿ ಬಂದಿದೆ ನೋಡು!"

ಚಿಕ್ಕಪ್ಪನ ಮಾತು ಸುಳ್ಳಲ್ಲ. ನಾವು ಒಮ್ಮೆ ಒತ್ತಿದರೂ ಇಂದಿನ ಮೊಬೈಲ್ ಒಳಗೊಳಗೇ ಹಲವು ಚಿತ್ರ ತೆಗೆದು, ಬೆರೆಸಿ, ಕತ್ತಲನ್ನು ಬೆಳಗಿಸಿ, ಮುಖವನ್ನು ತಿದ್ದಿ ಒಂದನ್ನು ಮುಂದಿಡುತ್ತದೆ. ಯಾರನ್ನೂ ಏನೂ ಕೇಳುವುದಿಲ್ಲ. ಕ್ಯಾಮೆರಾದ ಸ್ವಭಾವ ಬೇರೆ, ಅದು ಕೇಳುತ್ತದೆ. ಆ ಪ್ರಶ್ನೆಗಳ ಪಟ್ಟಿಯೇ ಮೆನು. ನಾವು ಉತ್ತರಿಸದಿದ್ದರೆ ಕಾರ್ಖಾನೆಯವರು ಮೊದಲೇ ಬರೆದಿಟ್ಟ ಉತ್ತರಗಳೇ ಚಲಾವಣೆಯಲ್ಲಿರುತ್ತವೆ. ಅವು ಕೆಟ್ಟ ಉತ್ತರಗಳೇನಲ್ಲ. ಎಲ್ಲ ದೇಶದ ಎಲ್ಲರಿಗೂ ಸುಮಾರಾಗಿ ಒಪ್ಪುವ ಉತ್ತರಗಳು. ಮೆನು ರೂಢಿಯಾಗುವುದೆಂದರೆ ಅವುಗಳಲ್ಲಿ ಯಾವುದನ್ನು ಬದಲಿಸಬೇಕು, ಯಾವುದನ್ನು ಹಾಗೇ ಬಿಡಬೇಕು ಎಂದು ತಿಳಿಯುವುದು.

ಪಟ್ಟಿ ಇಷ್ಟುದ್ದ ಆದದ್ದು

ಕೆ1000ದಲ್ಲಿ ಮೆನು ಇರಲಿಲ್ಲವೆಂದರೆ ಆ ತೀರ್ಮಾನಗಳೇ ಇರಲಿಲ್ಲ ಎಂದಲ್ಲ. ಅವನ್ನು ಬೇರೆಯವರು, ಬೇರೆ ಕಡೆ ಮಾಡುತ್ತಿದ್ದರು. ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಅಳತೆ, ಆಗಿನ ಎಎಸ್‌ಎ) ಎಷ್ಟು ಎಂಬುದು ಫಿಲ್ಮ್ ಕೊಳ್ಳುವಾಗಲೇ ಅಂಗಡಿಯ ಕಟ್ಟೆಯ ಮೇಲೆ ನಿರ್ಧಾರವಾಗುತ್ತಿತ್ತು: ಬಿಸಿಲಿಗೆ 100, ಮೋಡಕ್ಕೋ ಒಳಾಂಗಣಕ್ಕೋ 400. ಆಮೇಲೆ 36 ಚಿತ್ರ ಮುಗಿಯುವವರೆಗೆ ಅದೇ ಗತಿ. ಹಗಲಿನ ಬೆಳಕಿಗೊಂದು ಬಗೆಯ, ಟಂಗ್‌ಸ್ಟನ್ ದೀಪಕ್ಕೆ ಇನ್ನೊಂದು ಬಗೆಯ ಕಲರ್ ಫಿಲ್ಮ್ ಬರುತ್ತಿತ್ತು. ಇಂದಿನ ವೈಟ್ ಬ್ಯಾಲೆನ್ಸ್ ಅದೇ. ಬಣ್ಣ ಎಷ್ಟು ಗಾಢವಾಗಬೇಕು, ಮುಖ ಎಷ್ಟು ತಿಳಿಯಾಗಬೇಕು ಎಂಬುದನ್ನು ಕಲರ್ ಲ್ಯಾಬಿನ ಆಪರೇಟರ್ ಪ್ರಿಂಟ್ ಹಾಕುವಾಗ ನೋಡಿಕೊಳ್ಳುತ್ತಿದ್ದ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆಯವರಂಥ ವನ್ಯಜೀವಿ ಛಾಯಾಗ್ರಾಹಕರ ಕಪ್ಪು–ಬಿಳುಪಿನ ಕಾಲದಲ್ಲಂತೂ ಚಿತ್ರದ ಅರ್ಧ ಕೆಲಸ ನಡೆಯುತ್ತಿದ್ದದ್ದು ಡಾರ್ಕ್‌ರೂಮಿನ ಕೆಂಪು ದೀಪದ ಕೆಳಗೆ. ನೆಗೆಟಿವ್ ಕವರಿನ ಮೇಲೆ ತಾರೀಖು, ನಂಬರು ಬರೆಯುವವರು ಸ್ಟುಡಿಯೊದವರು.

ಡಿಜಿಟಲ್ ಬಂದದ್ದೇ ಈ ಅಂಗಡಿ, ಲ್ಯಾಬು, ಡಾರ್ಕ್‌ರೂಮು, ನೆಗೆಟಿವ್ ಕವರು ಎಲ್ಲವೂ ಕ್ಯಾಮೆರಾದೊಳಗೆ ಸೇರಿಕೊಂಡವು. ಕೊಡ್ಯಾಕ್ ಕಂಪನಿಯಲ್ಲಿ ಸ್ಟೀವನ್ ಸ್ಯಾಸನ್ 1975ರಲ್ಲಿ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ ಮೆನುವಿನ ಸುಳಿವೂ ಇರಲಿಲ್ಲ. 0.01 ಮೆಗಾಪಿಕ್ಸೆಲಿನ ಒಂದು ಕಪ್ಪು–ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು. ಚಿತ್ರ ನೋಡಲು ಟೀವಿ ಬೇಕಿತ್ತು. 1995ರಲ್ಲಿ ಕ್ಯಾಸಿಯೊ ಕ್ಯೂವಿ-10 ಜನಸಾಮಾನ್ಯರ ಕ್ಯಾಮೆರಾದ ಬೆನ್ನಿಗೆ ಎಲ್‌ಸಿಡಿ ಪರದೆ ತಂದಿತು. ತೆಗೆದ ಚಿತ್ರ ಅಲ್ಲೇ ನೋಡಬಹುದಾಯಿತು, ಜೊತೆಗೆ ಸೆಟ್ಟಿಂಗ್‌ಗಳನ್ನು ತೋರಿಸಲೂ ಜಾಗ ಸಿಕ್ಕಿತು. 2008ರಲ್ಲಿ ನಿಕಾನ್ ಡಿ90 ಮೂಲಕ ಡಿಎಸ್‌ಎಲ್‌ಆರ್ ಕ್ಯಾಮೆರಾಕ್ಕೆ ವಿಡಿಯೊ ಬಂತು; ಅದರ ಹಿಂದೆ ಧ್ವನಿ, ಫ್ರೇಮ್ ರೇಟ್‌ಗಳ ಪುಟಗಳು ಬಂದವು. ಆಮೇಲೆ ವೈ–ಫೈ, ಬ್ಲೂಟೂತ್. ಈಗ ಮನುಷ್ಯನ, ಪ್ರಾಣಿಯ, ಹಕ್ಕಿಯ ಕಣ್ಣು ಹುಡುಕುವ ಫೋಕಸ್. ಹೊಸದೊಂದು ಬಂದಾಗಲೆಲ್ಲ ಮೆನುವಿಗೆ ಒಂದು ಸಾಲು ಕೂಡುತ್ತದೆ. ಹಳೆಯದನ್ನು ಯಾರೂ ತೆಗೆಯುವುದಿಲ್ಲ.

ಕಾಲ ನೋಡಿ ಬೇರ್ಪಡಿಸಿ

ಕಂಪನಿಗಳು ಮೆನುವನ್ನು ವಿಷಯದಿಂದ ವಿಂಗಡಿಸಿವೆ. ಕ್ಯಾನನ್‌ನಲ್ಲಿ ಕೆಂಪು ಪುಟಗಳು ಚಿತ್ರ ತೆಗೆಯುವುದಕ್ಕೆ, ನೀಲಿ ತೆಗೆದದ್ದನ್ನು ನೋಡುವುದಕ್ಕೆ, ಹಳದಿ ಕ್ಯಾಮೆರಾದ ಸಾಮಾನ್ಯ ವ್ಯವಸ್ಥೆಗೆ. ನಿಕಾನ್‌ನಲ್ಲಿ ಕ್ಯಾಮೆರಾ, ಪೆನ್ಸಿಲ್, ಸ್ಪ್ಯಾನರ್ ಚಿತ್ರಗಳಿವೆ. ಸೋನಿಯ ಹಳೆಯ ಮೆನು ಸಿಕ್ಕುಸಿಕ್ಕೆಂದು ದೂರು ಕೇಳಿ ಕೇಳಿ, 2020ರ ಎ7ಎಸ್ 3 ಮಾದರಿಯಿಂದ ಕಂಪನಿಯೇ ಅದನ್ನು ಹೊಸದಾಗಿ ಜೋಡಿಸಿತು. ತಯಾರಕರಿಗೆ ಈ ವಿಂಗಡಣೆ ಅನುಕೂಲ. ಕಲಿಯುವವರಿಗೆ ಬೇಕಾದದ್ದು ಇನ್ನೊಂದು ವಿಂಗಡಣೆ: ಇದು ನನಗೆ ಯಾವಾಗ ಬೇಕಾಗುತ್ತದೆ?

ಅಡುಗೆಮನೆಯಲ್ಲಿ ಸಾಸಿವೆ, ಜೀರಿಗೆ ಒಲೆಯ ಪಕ್ಕದ ಡಬ್ಬಿಯಲ್ಲಿರುತ್ತವೆ, ಬೇಳೆ–ಬೆಲ್ಲ ಕಪಾಟಿನಲ್ಲಿ, ಚಕ್ಕುಲಿ ಒರಳು ಅಟ್ಟದ ಮೇಲೆ. ಒಗ್ಗರಣೆ ಹೊತ್ತಿಗೆ ಯಾರೂ ಅಟ್ಟ ಹತ್ತುವುದಿಲ್ಲ. ಮೆನುವಿನ ಕಷ್ಟವೆಂದರೆ ಅದು ಮೂರನ್ನೂ ಒಂದೇ ಸಾಲಿನಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ ತೋರಿಸುತ್ತದೆ. ಹಾಗಾಗಿ ಮೊದಲ ಕೆಲಸ: ಒಮ್ಮೆ ಮಾಡಿ ಮರೆಯುವುದು, ಹೊರಡುವ ಮುನ್ನ ನೋಡುವುದು, ಪ್ರತಿ ಚಿತ್ರಕ್ಕೂ ಮುಟ್ಟುವುದು ಎಂದು ಮೂರು ಪಾಲು ಮಾಡಿಕೊಳ್ಳುವುದು.

ಒಮ್ಮೆ ಮಾಡಿ ಮರೆಯುವುದು

ಇದನ್ನು ಮನೆಯಲ್ಲಿ, ಚಾರ್ಜ್ ತುಂಬಿದ ಬ್ಯಾಟರಿ ಹಾಕಿಕೊಂಡು, ಒಂದು ಮಧ್ಯಾಹ್ನ ಕೂತು ಮುಗಿಸಬಹುದು. ಮೊದಲನೆಯದು ಮೆನುವಿನಲ್ಲೇ ಇಲ್ಲ. ವ್ಯೂಫೈಂಡರ್ ಪಕ್ಕದಲ್ಲಿ ಪುಟ್ಟ ಗಾಲಿಯೊಂದಿದೆ, ಡಯಾಪ್ಟರ್. ಒಳಗಿನ ಅಕ್ಷರಗಳು ನಿಮ್ಮ ಕಣ್ಣಿಗೆ ಚುರುಕಾಗಿ ಕಾಣುವವರೆಗೆ ಅದನ್ನು ತಿರುಗಿಸಿ. ಎಷ್ಟೋ ಜನ ಫೋಕಸ್ ಸರಿಯಿಲ್ಲವೆಂದು ಲೆನ್ಸನ್ನು ಬೈಯುವಾಗ ಮಸುಕಾಗಿರುವುದು ಈ ಗಾಲಿಯ ಹೊಂದಾಣಿಕೆ.

ಆಮೇಲೆ ತಾರೀಖು, ಹೊತ್ತು, ದೇಶದ ಸಮಯ. ಪ್ರತಿ ಚಿತ್ರದೊಳಗೂ ತೆಗೆದ ಕ್ಷಣ, ಶಟರ್, ಅಪರ್ಚರ್, ಐಎಸ್‌ಒ ವಿವರ ಅಚ್ಚಾಗಿರುತ್ತದೆ. ಎಕ್ಸಿಫ್ ಎನ್ನುವುದು ಅದಕ್ಕೇ. ಅಮೆರಿಕದಲ್ಲಿರುವ ಮಗನೋ ಮಗಳೋ ತಂದುಕೊಟ್ಟ ಕ್ಯಾಮೆರಾದಲ್ಲಿ ಗಡಿಯಾರ ಅಲ್ಲಿಯದೇ ಓಡುತ್ತಿರುತ್ತದೆ. ಬೆಳಿಗ್ಗೆಯ ನಾಮಕರಣದ ಚಿತ್ರ ಹಿಂದಿನ ದಿನ ರಾತ್ರಿಯ ತಾರೀಖು ಹೊತ್ತು ಕಂಪ್ಯೂಟರಿನಲ್ಲಿ ಎಲ್ಲೋ ಅಡಗಿ ಕೂರುತ್ತದೆ.

ಹೊರದೇಶದ ಕ್ಯಾಮೆರಾಕ್ಕೆ ಇನ್ನೊಂದು ತಿದ್ದುಪಡಿಯೂ ಬೇಕು. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಜ್, ಅಮೆರಿಕದ್ದು 60. ನಮ್ಮ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದ ಈ ಮಿನುಗು ಸೆಕೆಂಡಿಗೆ 30 ಅಥವಾ 60 ಫ್ರೇಮಿನ ವಿಡಿಯೊದಲ್ಲಿ ಮೇಲಿಂದ ಕೆಳಕ್ಕೆ ತೇಲುವ ಪಟ್ಟೆಗಳಾಗಿ ಕಾಣಬಹುದು. ಮೆನುವಿನಲ್ಲಿ ಎನ್‌ಟಿಎಸ್‌ಸಿ ಬದಲು ಪಾಲ್ ಆರಿಸಿ, 25 ಅಥವಾ 50 ಫ್ರೇಮಿನಲ್ಲಿ, 1/50 ಅಥವಾ 1/100 ಸೆಕೆಂಡ್ ಶಟರಿನಲ್ಲಿ ತೆಗೆದರೆ ಪಟ್ಟೆ ಹೋಗುತ್ತದೆ. ಸೋನಿಯ ಕೆಲವು ಮಾದರಿಗಳಲ್ಲಿ ಹೀಗೆ ಬದಲಿಸಿದ ಮೇಲೆ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕಾಗುತ್ತದೆ. ಚಿತ್ರಗಳನ್ನು ಮೊದಲೇ ಇಳಿಸಿಕೊಂಡಿರಬೇಕು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಭಾಷೆಯ ಸಾಲನ್ನೂ ನೋಡಬೇಕು: ಜಪಾನಿನ ಒಳಮಾರುಕಟ್ಟೆಗೆಂದೇ ತಯಾರಾದ ಸೋನಿ ಕ್ಯಾಮೆರಾಗಳಲ್ಲಿ ಹಲವು ಜಪಾನಿ ಭಾಷೆ ಬಿಟ್ಟು ಬೇರೆ ತೋರಿಸುವುದಿಲ್ಲ.

'ಕಾರ್ಡ್ ಇಲ್ಲದೆ ಶಟರ್ ಬಿಡುಗಡೆ' ಎಂಬರ್ಥದ ಸಾಲೊಂದು ಎಲ್ಲೋ ಮೂಲೆಯಲ್ಲಿರುತ್ತದೆ. ಅದನ್ನು ಕಡ್ಡಾಯವಾಗಿ ಮುಚ್ಚಿ. ತೆರೆದಿದ್ದರೆ ಖಾಲಿ ಕ್ಯಾಮೆರಾವೂ ಟಕಟಕ ಸದ್ದು ಮಾಡುತ್ತಾ ಇಡೀ ಧಾರೆಯ ಶಾಸ್ತ್ರವನ್ನು ಗಾಳಿಗೆ ಬರೆದುಬಿಡಬಹುದು. ಫೈಲ್ ನಂಬರನ್ನು 'ಮುಂದುವರಿಯುವ' ಆಯ್ಕೆಗೆ ಹಾಕಿ. ಕೆಲವು ಕ್ಯಾಮೆರಾಗಳಲ್ಲಿ ಹಾಗೆ ಹಾಕದಿದ್ದರೆ ಫಾರ್ಮ್ಯಾಟ್ ಮಾಡಿದಾಗಲೆಲ್ಲ ಎಣಿಕೆ 0001ಕ್ಕೆ ಮರಳುತ್ತದೆ. ಒಂದೇ ಹೆಸರಿನ ಎರಡು ಚಿತ್ರ ಒಂದೇ ಫೋಲ್ಡರಿಗೆ ಬಂದಾಗ ಹೊಸದು ಹಳೆಯದನ್ನು ಅಳಿಸಿ ಕೂರುವ ಅಪಾಯವಿದೆ.

ಫೋಕಸ್ ಸಿಕ್ಕಾಗ ಬರುವ 'ಪೀಂ' ಸದ್ದು, ಮಬ್ಬಿನಲ್ಲಿ ಫೋಕಸಿಗೆ ನೆರವಾಗುವ ಕೆಂಪೋ ಹಸಿರೋ ದೀಪ ಎರಡನ್ನೂ ಆಫ್ ಮಾಡಿಬಿಡಿ. ದೇವಸ್ಥಾನದಲ್ಲಿ, ಸಂಗೀತ ಕಛೇರಿಯಲ್ಲಿ, ಹಕ್ಕಿಯ ಮುಂದೆ ಅವೆರಡೂ ಸಲ್ಲವು. ಹೈಲೈಟ್ ಅಲರ್ಟ್ ಎಂಬುದನ್ನು ಮಾತ್ರ ತೆರೆದಿಡಿ. ಬೆಳಕು ಹೆಚ್ಚಾಗಿ ವಿವರವೆಲ್ಲ ಸುಟ್ಟುಹೋದ ಜಾಗ, ತೆಗೆದ ಚಿತ್ರವನ್ನು ಪರದೆಯಲ್ಲಿ ನೋಡುವಾಗ, ಮಿಣಮಿಣ ಎನ್ನುತ್ತದೆ. ಬಿಸಿಲಿನಲ್ಲಿ ಪರದೆ ಸರಿಯಾಗಿ ಕಾಣದಿದ್ದರೂ ಆ ಮಿಣುಕು ಸುಳ್ಳು ಹೇಳುವುದಿಲ್ಲ.

ಕಲರ್ ಸ್ಪೇಸನ್ನು ಎಸ್‌ಆರ್‌ಜಿಬಿಯಲ್ಲೇ ಬಿಡಿ. ಅಡೋಬಿ ಆರ್‌ಜಿಬಿ ಹೆಸರು ಗಂಭೀರವಾಗಿ ಕೇಳುತ್ತದೆಂದು ಅದಕ್ಕೆ ಬದಲಿಸಿದವರ ಚಿತ್ರ ವಾಟ್ಸ್‌ಆ್ಯಪಿಗೆ ಹೋದಾಗ, ಸಾಮಾನ್ಯ ಲ್ಯಾಬಿನಲ್ಲಿ ಪ್ರಿಂಟಾದಾಗ, ಬಣ್ಣ ಕಳೆದುಕೊಂಡು ಪೇಲವವಾಗಬಹುದು. ಫೈಲಿನ ಹೆಸರು ಕೆಳಗೆರೆಯಿಂದ (_) ಶುರುವಾಗುತ್ತಿದ್ದರೆ ಕ್ಯಾಮೆರಾ ಅಡೋಬಿ ಆರ್‌ಜಿಬಿಯಲ್ಲಿದೆ ಎಂದು ತಿಳಿಯಬಹುದು.

ಇನ್ನು ಜೆಪೆಗ್ಗೋ ರಾ ಫೈಲೋ? ಜೆಪೆಗ್ ಎಂದರೆ ಕ್ಯಾಮೆರಾವೇ ಅಡುಗೆ ಮುಗಿಸಿ ಬಡಿಸಿದ ಚಿತ್ರ. ಒಂದೊಂದು ಬಣ್ಣಕ್ಕೆ 256 ಮೆಟ್ಟಿಲಷ್ಟೇ ಉಳಿದಿರುತ್ತದೆ. 14 ಬಿಟ್‌ನ ರಾ ಫೈಲಿನಲ್ಲಿ 16,384 ಮೆಟ್ಟಿಲು. ಕತ್ತಲಾದದ್ದನ್ನು ಎತ್ತಲು, ತಪ್ಪಿದ ಬಣ್ಣ ಸರಿಪಡಿಸಲು ದಾರಿ ಇರುತ್ತದೆ. ಆದರೆ ರಾ ಚಿತ್ರವನ್ನು ಕಂಪ್ಯೂಟರಿನಲ್ಲಿ ಕೂತು ತಯಾರಿಸಬೇಕು. ಹೊಸಬರು ಎರಡನ್ನೂ ಒಟ್ಟಿಗೆ ಉಳಿಸುವ ಆಯ್ಕೆ ಹಾಕಿಕೊಳ್ಳುವುದು ಒಳ್ಳೆಯದು. ಜೆಪೆಗ್ ಇವತ್ತಿಗೆ, ರಾ ಮುಂದೆ ಕೈ ಕುದುರಿದ ಮೇಲೆ.

ಹೊರಡುವ ಮುನ್ನ ನೋಡುವುದು

ಎರಡನೆಯ ಪಾಲನ್ನು ನಿರ್ಧರಿಸುವುದು ನಾವು ಹೋಗುವ ಜಾಗ, ಅಲ್ಲಿಯ ಬೆಳಕು. ಕರಾವಳಿಯಲ್ಲಿ ಯಕ್ಷಗಾನಕ್ಕೆ ಹೊರಟಿದ್ದೀರಿ ಎನ್ನೋಣ. ರಂಗಸ್ಥಳದ ಮೇಲೆ ಬೆಳಕು, ಸುತ್ತ ಕತ್ತಲು. ತೆಂಕುತಿಟ್ಟಿನ ಧಿಗಿಣದ (ಸುತ್ತಿ ಹಾರುವ ಕುಣಿತದ) ವೇಗಕ್ಕೆ 1/500 ಸೆಕೆಂಡಾದರೂ ಬೇಕು. ಫ್ಲ್ಯಾಷ್ ಹೊಡೆಯುವಂತಿಲ್ಲ: ಕಲಾವಿದರ ಕಣ್ಣಿಗೆ ಹಿಂಸೆ, ಹಿಂದೆ ಕೂತವರಿಗೆ ಕಿರಿಕಿರಿ, ಮೇಲಾಗಿ ರಂಗದ ಬೆಳಕಿನ ಸೊಗಸೇ ಹೋಗುತ್ತದೆ. ಉಳಿದ ದಾರಿ ಐಎಸ್‌ಒ ಏರಿಸುವುದು. ಇಲ್ಲಿ ನೆರವಿಗೆ ಬರುವುದು ಆಟೊ ಐಎಸ್‌ಒ. ಮೆನುವಿನಲ್ಲಿ ಅದಕ್ಕೆ ಎರಡು ಬೇಲಿ ಹಾಕಬಹುದು: ಗರಿಷ್ಠ ಐಎಸ್‌ಒ ಎಷ್ಟು, ಶಟರ್ ಎಷ್ಟರಿಂದ ಕೆಳಗಿಳಿಯಬಾರದು. 6400ರವರೆಗೆ ಹೋಗಲಿ ಎಂದರೆ ಕಾಳುಕಾಳಾದ ಚಿತ್ರ ಬರಬಹುದು; ಆದರೂ ಕಾಳುಕಾಳಾದ ಚುರುಕು ಚಿತ್ರ, ನುಣುಪಾದ ಮಸುಕು ಚಿತ್ರಕ್ಕಿಂತ ಮೇಲು.

ಮುಂದಿನದು ವೈಟ್ ಬ್ಯಾಲೆನ್ಸ್. ಬೆಳಕಿನ ಬಣ್ಣವನ್ನು ಕೆಲ್ವಿನ್ ಅಳತೆಯಲ್ಲಿ ಹೇಳುತ್ತಾರೆ: ಮೇಣದಬತ್ತಿ 1900ರ ಸುಮಾರು, ಹಳೆಯ ಹಳದಿ ಬಲ್ಬು 2700–3000, ನಡುಹಗಲಿನ ಬಿಸಿಲು 5200–5500, ನೆರಳು 7000ದ ಆಸುಪಾಸು. ಆಟೊ ಎಂದು ಬಿಟ್ಟರೆ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೊಸದಾಗಿ ಊಹಿಸುತ್ತದೆ. ಕೆಂಪು ವೇಷ ಎದುರು ಬಂದಾಗ ಒಂದು ಊಹೆ, ಹಸಿರು ವೇಷ ಬಂದಾಗ ಇನ್ನೊಂದು. ಒಂದೇ ಪ್ರಸಂಗದ ಚಿತ್ರಗಳು ಒಂದಕ್ಕೊಂದು ಹೊಂದುವುದಿಲ್ಲ. ರಂಗಕ್ಕೆ ಒಂದು ಸಂಖ್ಯೆ ಗೊತ್ತುಮಾಡಿ, ಎರಡು ಚಿತ್ರ ತೆಗೆದು ನೋಡಿ, ಬೆಳಗಿನವರೆಗೆ ಅದನ್ನೇ ಇಟ್ಟುಕೊಳ್ಳಿ. ಅಡಿಕೆ ತೋಟದಲ್ಲೂ ಇದೇ ಮಾತು. ಎಲೆಗಳಿಂದ ಸೋಸಿ ಬರುವ ಬೆಳಕು ಮನುಷ್ಯರ ಮುಖಕ್ಕೆ ಹಸಿರು ಬಳಿಯುತ್ತದೆ. ನೆರಳಿನ ಗುರುತಿಗೆ ಹಾಕಿ, ಬೇಕಿದ್ದರೆ ಸ್ವಲ್ಪ ಮೆಜೆಂಟಾ ಕಡೆಗೆ ಸರಿಸಿದರೆ ಮುಖ ಮುಖವಾಗುತ್ತದೆ.

ಎಲೆಕ್ಟ್ರಾನಿಕ್ ಶಟರ್, ಅಂದರೆ ಸದ್ದಿಲ್ಲದ ಶಟರ್, ಹಕ್ಕಿಗೆ ಒಳ್ಳೆಯದು, ಎಲ್‌ಇಡಿ ದೀಪದ ಕೆಳಗೆ ಮೋಸ. ಹೆಚ್ಚಿನ ಕ್ಯಾಮೆರಾಗಳಲ್ಲಿ ಸೆನ್ಸರನ್ನು ಸಾಲುಸಾಲಾಗಿ ಓದುವುದರಿಂದ ದೀಪದ ಮಿನುಗು ಅಡ್ಡಪಟ್ಟೆಯಾಗಿ ಬೀಳುತ್ತದೆ, ವೇಗವಾಗಿ ಓಡುವುದು ಓರೆಯಾಗುತ್ತದೆ. ರಂಗಕ್ಕೆ, ಮದುವೆಗೆ ಮೆಕ್ಯಾನಿಕಲ್ ಶಟರ್. ಆ್ಯಂಟಿ ಫ್ಲಿಕರ್ ಇದ್ದರೆ ಅದನ್ನೂ ತೆರೆಯಿರಿ.

ಮೈಸೂರಿಗೆ ಹೊರಟರೆ ಲೆಕ್ಕ ತಿರುವುಮುರುವು. ದಸರೆಯಲ್ಲೋ ಭಾನುವಾರದ ಸಂಜೆಯೋ ಅರಮನೆಯ ಒಂದು ಲಕ್ಷದ ಹತ್ತಿರದ ಬಲ್ಬುಗಳು ಒಟ್ಟಿಗೆ ಹತ್ತುತ್ತವೆ. ಅರಮನೆ ಓಡುವುದಿಲ್ಲ, ಆದ್ದರಿಂದ ಐಎಸ್‌ಒ 100ಕ್ಕೆ ಇಳಿಸಿ, ಎಫ್/8 ಇಟ್ಟು, ಸೆಕೆಂಡುಗಟ್ಟಲೆ ಶಟರ್ ತೆರೆದಿಡಬಹುದು. ಕ್ಯಾಮೆರಾ ಅಲ್ಲಾಡಬಾರದಷ್ಟೆ. ಟ್ರೈಪಾಡ್ ಬಿಡದ ಕಡೆ ಕಟ್ಟೆಯೊಂದರ ಮೇಲೆ ಗಟ್ಟಿಯಾಗಿ ಕೂರಿಸಿ, ಸೆಲ್ಫ್ ಟೈಮರನ್ನು 2 ಸೆಕೆಂಡಿಗೆ ಹಾಕಿದರೆ ಬೆರಳು ಒತ್ತಿದ ನಡುಕವೂ ತಪ್ಪುತ್ತದೆ. ಅಲುಗಾಟ ತಡೆಯುವ ಸ್ಟೆಬಿಲೈಸೇಷನ್ ಸೌಲಭ್ಯವನ್ನು ಆಗ ಆಫ್ ಮಾಡಿ; ಅಲುಗದ ಕ್ಯಾಮೆರಾದಲ್ಲಿ ಕೆಲವು ಲೆನ್ಸ್‌ಗಳು ಇಲ್ಲದ ಅಲುಗಾಟ ತಿದ್ದಹೊರಟು ತಾವೇ ಅಲುಗಿಸುತ್ತವೆ. ವೈಟ್ ಬ್ಯಾಲೆನ್ಸ್ ಬಿಸಿಲಿನ ಗುರುತಿನಲ್ಲಿದ್ದರೆ ಬಲ್ಬಿನ ಹೊನ್ನಿನ ಬಣ್ಣ ಉಳಿಯುತ್ತದೆ. ಆಟೊ ಅದನ್ನು ದೋಷವೆಂದು ತಿಳಿದು ತೊಳೆಯಲು ನೋಡುತ್ತದೆ.

ಮರುದಿನ ಬೇರೆಲ್ಲಿಗೋ ಹೋಗುವ ಮೊದಲು ಇವೆಲ್ಲವನ್ನೂ ಹಿಂದಕ್ಕೆ ತರಬೇಕು. ರಾತ್ರಿಯ ಐಎಸ್‌ಒ 6400, 2 ಸೆಕೆಂಡಿನ ಟೈಮರ್ ಬೆಳಗಿನ ಬಿಸಿಲಿಗೆ ಬಂದರೆ ಹಕ್ಕಿ ಹಾರಿಹೋದ ಮೇಲೆ ಕ್ಯಾಮೆರಾ ಕ್ಲಿಕ್ಕೆನ್ನುತ್ತದೆ.

ಪ್ರತಿ ಚಿತ್ರಕ್ಕೂ ಮುಟ್ಟುವುದು

ಮೂರನೆಯ ಪಾಲಿನ ಯಾವುದನ್ನೂ ಮೆನುವಿನೊಳಗೆ ಹೋಗಿ ಬದಲಿಸಬಾರದು. ಅವು ಬೆರಳಿಗೇ ಸಿಗಬೇಕು. ಅಪರ್ಚರ್, ಶಟರ್, ಐಎಸ್‌ಒ, ಫೋಕಸ್ ಬಿಂದು, ಎಕ್ಸ್‌ಪೋಷರ್ ಕಾಂಪೆನ್ಸೇಷನ್. ಹೊಸಬರು ಎಲ್ಲವನ್ನೂ ತಾವೇ ನಿಭಾಯಿಸುವ ಮ್ಯಾನ್ಯುಯಲ್ ಮೋಡಿಗೆ ಹಾರಬೇಕಿಲ್ಲ. ಅಪರ್ಚರ್ ಪ್ರಯಾರಿಟಿ ಒಳ್ಳೆಯ ಮೊದಲ ಮೆಟ್ಟಿಲು. ಡಯಲಿನ ಮೇಲೆ ಕ್ಯಾನನ್‌ನಲ್ಲಿ 'ಎವಿ', ನಿಕಾನ್, ಸೋನಿಯಲ್ಲಿ 'ಎ'. ಹಿನ್ನೆಲೆ ಎಷ್ಟು ಮಸುಕಾಗಬೇಕೆಂದು ನೀವು ಹೇಳುತ್ತೀರಿ, ಶಟರನ್ನು ಅದು ನೋಡಿಕೊಳ್ಳುತ್ತದೆ.

ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಪ್ಲಸ್–ಮೈನಸ್ ಗುರುತಿನ ಗುಂಡಿ, ಹೊಸಬರು ಮುಟ್ಟದೆ ಬಿಡುವ ಅತಿ ಉಪಯುಕ್ತ ಸಾಧನ. ಮೀಟರಿಗೆ ಲೋಕ ಕಪ್ಪೂ ಅಲ್ಲ ಬಿಳುಪೂ ಅಲ್ಲ, ನಡುವಿನ ಬೂದು. ಏನನ್ನು ತೋರಿಸಿದರೂ ಆ ಬೂದಿನ ಹತ್ತಿರಕ್ಕೆ ಎಳೆಯಲು ನೋಡುತ್ತದೆ. ಹಳೇಬೀಡಿನ ಒಳಗುಡಿಯಲ್ಲಿ ಕಪ್ಪನೆಯ ಬಳಪದ ಕಲ್ಲಿನ ಕಂಬ ತುಂಬಿದ ಚಿತ್ರ ಬೆಳ್ಳಗೆ ಬೂದಿ ಬಳಿದಂತೆ ಬಂದರೆ ಕಾರಣ ಇದೇ. ಮೈನಸ್ 1 ಹಾಕಿದರೆ ಕಲ್ಲು ಕಲ್ಲಿನ ಬಣ್ಣಕ್ಕೆ ಬರುತ್ತದೆ. ಮದುಮಗನ ಬಿಳಿ ಪಂಚೆ, ಬಿಳಿ ಶಾಲು ಚಿತ್ರದ ತುಂಬ ಇದ್ದಾಗ ಅದು ಮಾಸಿದಂತೆ ಕಾಣುತ್ತದೆ. ಪ್ಲಸ್ 1 ಬೇಕು.

ಹಾಗೆಂದು ಬಿಳಿಗೆಲ್ಲ ಪ್ಲಸ್ ಎಂದು ಉರು ಹೊಡೆದರೆ ರಂಗನತಿಟ್ಟಿನಲ್ಲಿ ಎಡವುತ್ತೀರಿ. ದೂರದ ಕರಿಬಂಡೆಯ ಮುಂದೆ ಚಿಕ್ಕದಾಗಿ ನಿಂತ ಬೆಳ್ಳಕ್ಕಿ. ಚಿತ್ರದ ಬಹುಪಾಲು ಕಪ್ಪು, ಮೀಟರ್ ಅದನ್ನು ಬೆಳಗಿಸಲು ಹೊರಟು ಹಕ್ಕಿಯ ರೆಕ್ಕೆಯ ವಿವರವನ್ನೆಲ್ಲ ಸುಡುತ್ತದೆ. ಇಲ್ಲಿ ಮೈನಸ್ ಬೇಕು. ಲೆಕ್ಕಕ್ಕೆ ಬರುವುದು ಹಕ್ಕಿಯ ಬಣ್ಣ ಒಂದೇ ಅಲ್ಲ, ಚೌಕಟ್ಟಿನಲ್ಲಿ ಯಾವುದು ಎಷ್ಟು ಜಾಗ ಹಿಡಿದಿದೆ ಎಂಬುದು. ತೆಗೆದ ಮೇಲೆ ಮಿಣುಕುವ ಎಚ್ಚರಿಕೆ ನೋಡಿದರೆ ಊಹೆ ಸರಿಯೋ ತಪ್ಪೋ ಅಲ್ಲೇ ಗೊತ್ತಾಗುತ್ತದೆ.

ಫೋಕಸಿಗೆ ಎರಡು ಮಾತು. ಕೂತ ವಸ್ತುವಿಗೆ ಒಮ್ಮೆ ಹಿಡಿದು ನಿಲ್ಲುವ ಫೋಕಸ್, ಚಲಿಸುವುದಕ್ಕೆ ಹಿಂಬಾಲಿಸುವ ಫೋಕಸ್. ಕ್ಯಾನನ್ ಇವನ್ನು ವನ್ ಶಾಟ್, ಸರ್ವೊ ಎನ್ನುತ್ತದೆ. ನಿಕಾನ್, ಸೋನಿ ಎಎಫ್–ಎಸ್, ಎಎಫ್–ಸಿ ಎನ್ನುತ್ತವೆ. ಬಿಂದುವನ್ನು ಎಲ್ಲಿಡಬೇಕೆಂದು ಕ್ಯಾಮೆರಾಕ್ಕೆ ಬಿಟ್ಟರೆ ಅದು ಹತ್ತಿರದ್ದನ್ನು ಹಿಡಿಯುವ ಸಂಭವವೇ ಹೆಚ್ಚು. ಮುಖದ ಬದಲು ಮುಂದಿರುವ ಬಾಳೆ ಎಲೆ ಚುರುಕಾಗುತ್ತದೆ. ಒಂದೇ ಬಿಂದು ಆರಿಸಿ ಕಣ್ಣಿನ ಮೇಲಿಡುವ ರೂಢಿ ಮಾಡಿಕೊಳ್ಳಿ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಕಣ್ಣನ್ನು ತಾವೇ ಹುಡುಕುತ್ತವೆ. ಮನುಷ್ಯನೋ ಹಕ್ಕಿಯೋ ಎಂದು ಮೆನುವಿನಲ್ಲಿ ಹೇಳಬೇಕಾಗಬಹುದು.

ಮುಟ್ಟದಿದ್ದರೂ ನಡೆಯುವುದು

ಪಿಕ್ಚರ್ ಸ್ಟೈಲ್ ಎನ್ನುತ್ತದೆ ಕ್ಯಾನನ್, ಪಿಕ್ಚರ್ ಕಂಟ್ರೋಲ್ ನಿಕಾನ್, ಫಿಲ್ಮ್ ಸಿಮ್ಯುಲೇಷನ್ ಫ್ಯೂಜಿ. ಪ್ರೊವಿಯಾ, ವೆಲ್ವಿಯಾ ಎಂದು ಫ್ಯೂಜಿ ಬಳಸುವ ಹೆಸರುಗಳು ಅದೇ ಕಂಪನಿಯ ಹಳೆಯ ಫಿಲ್ಮುಗಳವು. ಜೆಪೆಗ್ ತೆಗೆಯುವವರಿಗೆ ಇದು ಮುಖ್ಯ. ರಾ ತೆಗೆಯುವವರು ಬಣ್ಣವನ್ನು ಕಂಪ್ಯೂಟರಿನಲ್ಲಿ ನಿರ್ಧರಿಸಬಹುದಾದ್ದರಿಂದ ತಲೆಕೆಡಿಸಿಕೊಳ್ಳಬೇಕಿಲ್ಲ. ಕತ್ತಲಿನ ಭಾಗ ಬೆಳಗಿಸುವ, ಕಾಳು ಅಳಿಸುವ, ಲೆನ್ಸಿನ ಅಂಚಿನ ದೋಷ ತಿದ್ದುವ ಸಾಲುಗಳನ್ನು ಕಾರ್ಖಾನೆ ಬಿಟ್ಟ ಹಾಗೆ ಬಿಟ್ಟರೆ ಮೊದಲ ವರ್ಷ ನಷ್ಟವೇನಿಲ್ಲ. ವಿಡಿಯೊ ತೆಗೆಯದವರು ಆ ಪುಟಗಳನ್ನೇ ತೆರೆಯದಿರಬಹುದು. ಇಷ್ಟನ್ನು ಕಳೆದರೆ ಪಟ್ಟಿಯ ದೊಡ್ಡ ಪಾಲು ಮುಗಿದೇ ಹೋಯಿತು.

ನಿಮ್ಮದೇ ಒಂದು ಪುಟ

ಉಳಿದ ಕೆಲವನ್ನು ಹತ್ತಿರಕ್ಕೆ ತರಲು ಕಂಪನಿಗಳೇ ದಾರಿ ಕೊಟ್ಟಿವೆ. ಕ್ಯಾನನ್, ಫ್ಯೂಜಿಯಲ್ಲಿ 'ಕ್ಯೂ' ಗುಂಡಿ, ನಿಕಾನ್‌ನಲ್ಲಿ 'ಐ', ಸೋನಿಯಲ್ಲಿ 'ಎಫ್ಎನ್' ಒತ್ತಿದರೆ ಮುಖ್ಯ ಸೆಟ್ಟಿಂಗ್‌ಗಳು ಒಂದೇ ಪರದೆಯಲ್ಲಿ ಬರುತ್ತವೆ. ಮೈ ಮೆನು ಎಂಬ ಪುಟಕ್ಕೆ ನೀವು ಮತ್ತೆ ಮತ್ತೆ ಹುಡುಕುವ ಸಾಲುಗಳನ್ನು ಸೇರಿಸಬಹುದು: ಕಾರ್ಡ್ ಫಾರ್ಮ್ಯಾಟ್, ಆಟೊ ಐಎಸ್‌ಒ ಮಿತಿ, ಶಟರಿನ ಬಗೆ, ಸ್ಟೆಬಿಲೈಸೇಷನ್. ಡಯಲಿನ ಮೇಲೆ 'ಸಿ1' ಅಥವಾ 'ಯು1' ಎಂದಿದ್ದರೆ ಇಡೀ ಜೋಡಣೆಯನ್ನೇ ಅಲ್ಲಿ ಉಳಿಸಬಹುದು. ಒಂದರಲ್ಲಿ ಯಕ್ಷಗಾನ, ಇನ್ನೊಂದರಲ್ಲಿ ಹಕ್ಕಿ. ರಂಗದಿಂದ ಕೆರೆಗೆ ಹೋಗುವಾಗ ಡಯಲ್ ಒಮ್ಮೆ ತಿರುಗಿಸಿದರಾಯಿತು.

ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. ಅಂಗಳದ ತುಳಸಿಕಟ್ಟೆಯನ್ನು ಒಂದೇ ಜಾಗದಲ್ಲಿ ನಿಂತು, ಒಂದೇ ಒಂದು ಸೆಟ್ಟಿಂಗ್ ಬದಲಿಸುತ್ತಾ ತೆಗೆಯಿರಿ: ವೈಟ್ ಬ್ಯಾಲೆನ್ಸಿನ ಎಲ್ಲ ಗುರುತುಗಳು, ಮೈನಸ್ 2ರಿಂದ ಪ್ಲಸ್ 2ರವರೆಗೆ, ಐಎಸ್‌ಒ 100ರಿಂದ ಮೇಲಕ್ಕೆ. ಆಮೇಲೆ ಕಂಪ್ಯೂಟರಿನಲ್ಲಿ ಎಕ್ಸಿಫ್ ವಿವರ ತೆರೆದು ಒಂದರ ಪಕ್ಕ ಒಂದಿಟ್ಟು ನೋಡಿ. ಎರಡು ಸೆಟ್ಟಿಂಗನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಸಾಲೊಂದರ ಅರ್ಥ ಹೊಳೆಯದಿದ್ದರೆ ಕ್ಯಾಮೆರಾವನ್ನೇ ಕೇಳಬಹುದು. ನಿಕಾನ್‌ನ ಹಲವು ಡಿಎಸ್‌ಎಲ್‌ಆರ್‌ಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಗುಂಡಿ ಒತ್ತಿದರೆ ಆ ಸಾಲಿನ ವಿವರಣೆ ಬರುತ್ತದೆ.

ಹೊರಡುವ ಮುನ್ನ ಒಂದು ನೋಟ

ಬ್ಯಾಟರಿ: ತುಂಬಿದೆಯೇ, ಇನ್ನೊಂದು ಜೇಬಿನಲ್ಲಿದೆಯೇ.
ಕಾರ್ಡ್: ಹಳೆಯ ಚಿತ್ರಗಳನ್ನು ಎರಡು ಕಡೆ ಇಳಿಸಿಕೊಂಡ ಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರಿನಲ್ಲಿ ಬೇಡ.
ಐಎಸ್‌ಒ, ವೈಟ್ ಬ್ಯಾಲೆನ್ಸ್: ನಿನ್ನೆಯದು ಉಳಿದಿದೆಯೇ.
ಪ್ಲಸ್–ಮೈನಸ್: ಸೊನ್ನೆಗೆ ಮರಳಿದೆಯೇ.
ಟೈಮರ್, ಶಟರ್, ಸ್ಟೆಬಿಲೈಸೇಷನ್: ಇಂದಿನ ಕೆಲಸಕ್ಕೆ ತಕ್ಕಂತಿವೆಯೇ.

ಇಷ್ಟಾಗಿಯೂ ಎಲ್ಲೋ ಏನೋ ಒತ್ತಿ ಎಲ್ಲ ಕಲಸುಮೇಲೋಗರವಾದರೆ ಹೆದರಬೇಡಿ. ಚಿತ್ರ ಅಳಿಸುವ, ಕಾರ್ಡ್ ಫಾರ್ಮ್ಯಾಟ್ ಮಾಡುವ ಸಾಲುಗಳನ್ನು ಬಿಟ್ಟರೆ ಹೊಸಬರ ಕೈಗೆ ಸಿಗುವ ಬಹುತೇಕ ಯಾವ ಸೆಟ್ಟಿಂಗೂ ಮರಳಿ ತರಲಾಗದ ಹಾನಿ ಮಾಡುವುದಿಲ್ಲ. ಸೆಟಪ್ ಪುಟದ ಕೆಳಗೆಲ್ಲೋ ರೀಸೆಟ್ ಇದೆ. ಒತ್ತಿದರೆ ಕಾರ್ಖಾನೆಯ ಉತ್ತರಗಳು ಮರಳುತ್ತವೆ. ಮತ್ತೆ ಒಂದು ಮಧ್ಯಾಹ್ನ ಕೂತು ನಿಮ್ಮ ಉತ್ತರ ಬರೆಯುವುದು ಎರಡನೆಯ ಸಲಕ್ಕೆ ಅರ್ಧ ಹೊತ್ತಿನ ಕೆಲಸ. ಕೈಪಿಡಿಯ ಉಳಿದ ನೂರಾರು ಪುಟಗಳನ್ನು ಓದದಿದ್ದರೂ ಚಿತ್ರ ಬರುತ್ತದೆ. ಬೇಕಾದ ದಿನ ಹುಡುಕಲು ಅದರ ಕೊನೆಯಲ್ಲಿ ವಿಷಯಸೂಚಿ ಇದ್ದೇ ಇದೆ.